ಟವರ್ ಬೀಳಿಸಿದ ಮಂಡೇಲಾ ಕಡೆಯವರು ವೀರರು, ರೆನಾಮೋದವರು ಡಕಾಯಿತರು: ಹುಡುಗಿಗೆ ಏನು ಉತ್ತರ ಹೇಳಲಿ?

ಇತಿಹಾಸದ_ಮೇಡಂ
ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡ್ತೀನಿ. ಹೋದ ವಾರ ದಕ್ಷಿಣ ಆಫ್ರಿಕಾದ ಹೋರಾಟದ ಪಾಠ ಮಾಡ್ತಾ 1961ರ ಡಿಸೆಂಬರ್ 16ಕ್ಕೆ ಬಂದೆ. ಮಂಡೇಲಾ ಮತ್ತು ಸಂಗಡಿಗರು ಕಟ್ಟಿದ 'ಉಮ್‌ಖೋಂಟೋ ವಿ ಸಿಜ್ವೆ' ಮೊದಲ ಸಲ ಸ್ಫೋಟ ನಡೆಸಿದ ದಿನ ಅದು. ಗುರಿ ಸರ್ಕಾರಿ ಕಚೇರಿ ಮತ್ತು ಕರೆಂಟಿನ ಸಬ್‌ಸ್ಟೇಷನ್. ಮರುವರ್ಷ ಡರ್ಬನ್ ಸುತ್ತ ಹೈಟೆನ್ಷನ್ ಟವರ್‌ಗಳನ್ನೇ ಬೀಳಿಸಿದರು. ರಿವೋನಿಯಾ ವಿಚಾರಣೆಯಲ್ಲಿ, 1964ರ ಏಪ್ರಿಲ್ 20ರಂದು, ಮಂಡೇಲಾ ಕಟಕಟೆಯಲ್ಲಿ ನಿಂತು ಅದನ್ನು ಒಪ್ಪಿಕೊಂಡರು. ನಮ್ಮ ಮುಂದೆ ನಾಲ್ಕು ದಾರಿ ಇದ್ದವು, ಜೀವ ಹೋಗದ ದಾರಿ ಅಂತ ವಿಧ್ವಂಸವನ್ನು ಆರಿಸಿಕೊಂಡೆವು ಅನ್ನುವ ಅರ್ಥದ ಮಾತು.

ಸೆಮಿನಾರಿಗೆ ಅಂತ ಮೊಜಾಂಬಿಕ್‌ನ ಕಹೋರಾ ಬಾಸ್ಸಾ ಅಣೆಕಟ್ಟಿನ ಬಗ್ಗೆ ಓದಿಕೊಂಡು ಬಂದಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಅಲ್ಲಿ ಸರ್ಕಾರದ ವಿರುದ್ಧ ಬಂಡೆದ್ದ ರೆನಾಮೋದವರೂ ಟವರ್‌ಗಳನ್ನೇ ಬೀಳಿಸಿದ್ದು. ಅವರನ್ನ ಸಶಸ್ತ್ರ ಡಕಾಯಿತರು ಅಂತ ಬರೆದಿದ್ದಾರೆ. ಕೆಲಸ ಒಂದೇ ಅಲ್ವಾ?" ಬೆಲ್ ಹೊಡೀತು. ಸೋಮವಾರ ಹೇಳ್ತೀನಿ ಅಂದೆ. ಉದ್ದೇಶ ಬೇರೆ ಅಂತ ಹೇಳಿ ಮುಗಿಸಬಹುದು, ಆದರೆ ಆ ಹುಡುಗಿ ಅಷ್ಟಕ್ಕೆ ಕೂರುವವಳಲ್ಲ, ನನಗೂ ಅಷ್ಟಕ್ಕೆ ಸಮಾಧಾನ ಇಲ್ಲ. ನೀವೆಲ್ಲ ಏನಂತೀರಿ?

ಸುಮ್ನೆಓದುಗ
ಗೆದ್ದವರು ವೀರರು, ಸೋತವರು ಡಕಾಯಿತರು. ಇಷ್ಟೇ ಮೇಡಂ.

ಧಾರವಾಡ_ಮಳಿ
ಅಲ್ರೀ, ಅಷ್ಟ ಅಂದು ಕೈ ತೊಳಕೋಬ್ಯಾಡ್ರಿ. ನಮ್ಮ ಕಡೆನೂ 1942ರಾಗ ತಂತಿ ಕಡದಾರ, ರೇಲ್ವೆ ಸ್ಟೇಶನ್ ಸುಟ್ಟಾರ, ಟಪಾಲ ಚೀಲ ಕಸದಾರ. ದಂಡಿ ಯಾತ್ರಾಕ್ಕ ಗಾಂಧೀಜಿ ಜೋಡಿ ನಡದ ಮೈಲಾರ ಮಹಾದೇವ್ರು ಆ ಚಳವಳಿಯೊಳಗಿದ್ರು, 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಗುಂಡೇಟಿಗೆ ಬಲಿಯಾದ್ರು, ಜೋಡಿ ಇಬ್ಬರು ಸಂಗಡಿಗರೂ ಹೋದ್ರು. ಅವರು ಸತ್ತಾಗ ಸ್ವಾತಂತ್ರ್ಯ ಇನ್ನೂ ನಾಕು ವರ್ಷ ದೂರ ಇತ್ತು. ಗೆಲ್ಲೂಕಿಂತ ಮೊದಲ ಊರ ಮಂದಿ ಅವರನ್ನ ಮನಿಮಗ ಅಂತ ಕರದಿದ್ರು. ಗೆದ್ದಿದ್ದಕ್ಕ ವೀರರಾದ್ರು ಅನ್ನೂದು ನನಗ ಒಪ್ಪಿಗಿಲ್ಲ.

ಬೆಂಗ್ಳೂರ್_ಬಸವ
ಮೇಡಂ, ಒಂದು ಅನುಮಾನ. ಕಹೋರಾ ಬಾಸ್ಸಾ ಮೇಲೆ ದಾಳಿ ಮಾಡಿದ್ದು ಫ್ರೆಲಿಮೋ ಅಲ್ವಾ? ಎಲ್ಲೋ ಹಾಗೇ ಓದಿದ ನೆನಪು.

ಟೆಟೆಕನ್ನಡಿಗ
@ಬೆಂಗ್ಳೂರ್_ಬಸವ ನಿಮ್ಮ ನೆನಪೂ ತಪ್ಪಲ್ಲ, ಮೇಡಂ ಹೇಳಿದ್ದೂ ತಪ್ಪಲ್ಲ. ಎರಡೂ ನಡೆದಿದೆ, ಕಾಲ ಬೇರೆ. ನಾನು ಆ ಅಣೆಕಟ್ಟು ಇರುವ ಟೆಟೆ ಪ್ರಾಂತ್ಯದ ಕಲ್ಲಿದ್ದಲು ಗಣಿ ಕಡೆ ಮೂರು ವರ್ಷ ಕೆಲಸ ಮಾಡಿದವನು, ಅಲ್ಲಿದ್ದಾಗ ಈ ಕಥೆಯ ಹಿಂದೆ ಬಿದ್ದಿದ್ದೆ. ಸ್ವಲ್ಪ ಉದ್ದ ಆಗುತ್ತೆ.

ಅಣೆಕಟ್ಟು ಕಟ್ಟಿಸಿದ್ದು ಪೋರ್ಚುಗೀಸರು, ಜಾಂಬೆಜಿ ನದಿಗೆ. 1969ರಲ್ಲಿ ಶುರು, 1974ರ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿದ್ದು. ಕರೆಂಟು ಮೊಜಾಂಬಿಕ್‌ಗೆ ಅಂತ ಅಲ್ಲ, ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಮಾರೋಕೆ. ನದಿ ದಂಡೆಯ ಹತ್ತಾರು ಸಾವಿರ ಜನರನ್ನು ಎಬ್ಬಿಸಿ ಬೇಲಿ ಹಾಕಿದ ಹಳ್ಳಿಗಳಿಗೆ ತುಂಬಿದರು. ಆಗ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಫ್ರೆಲಿಮೋ ಈ ಅಣೆಕಟ್ಟನ್ನು ವಸಾಹತುಶಾಹಿಯ ಗೂಟ ಅಂತಲೇ ನೋಡಿತು, ಸಾಮಾನು ಸಾಗಿಸುವ ದಾರಿಗಳ ಮೇಲೆ ದಾಳಿ ಮಾಡಿತು. ಯುರೋಪಿನಲ್ಲೂ ವಿರೋಧ ಜೋರಾಗಿ ಸ್ವೀಡನ್ನಿನ ಆಸೆಯಾ ಕಂಪನಿ 1969ರಲ್ಲೇ ಯೋಜನೆಯಿಂದ ಹಿಂದೆ ಸರಿಯಿತು.

1975ರ ಜೂನ್ 25ಕ್ಕೆ ಸ್ವಾತಂತ್ರ್ಯ. ಫ್ರೆಲಿಮೋನೇ ಸರ್ಕಾರ. ಕಟ್ಟಬಾರದು ಅಂತ ಬಂದೂಕು ಹಿಡಿದ ಅಣೆಕಟ್ಟನ್ನು ಈಗ ಅವರೇ ಕಾಯಬೇಕು! ಆಸ್ತಿಯೇನೂ ಪೂರ್ತಿ ಅವರದಾಗಿರಲಿಲ್ಲ. ಪೋರ್ಚುಗಲ್ ಪಾಲು 82%, ಮೊಜಾಂಬಿಕ್ ಪಾಲು 18%. ಅಷ್ಟರಲ್ಲಿ ರೆನಾಮೋ ಹುಟ್ಟಿತು. ಹುಟ್ಟಿಸಿದ್ದು ರೊಡೇಷಿಯಾದ ಗುಪ್ತಚರರು, 1980ರಲ್ಲಿ ರೊಡೇಷಿಯಾ ಹೋಗಿ ಜಿಂಬಾಬ್ವೆ ಆದ ಮೇಲೆ ಸಾಕಿದ್ದು ದಕ್ಷಿಣ ಆಫ್ರಿಕಾದ ಸೇನೆ. ಎಂಬತ್ತರ ದಶಕದ ಶುರುವಿನಿಂದಲೇ ಲೈನಿನ ಮೇಲೆ ದಾಳಿ. 1985ರಿಂದ 1997ರವರೆಗೆ ಲೈನು ಸತ್ತೇ ಹೋಗಿತ್ತು. ಬಿದ್ದ ಟವರ್‌ಗಳು ಸಾವಿರಕ್ಕೂ ಮೇಲೆ.

ಕೋಲಾರ_ಚಿನ್ನ
ತಾಳಿ ತಾಳಿ. ದಕ್ಷಿಣ ಆಫ್ರಿಕಾ ಸಾಕಿದ ಗುಂಪು, ದಕ್ಷಿಣ ಆಫ್ರಿಕಾಕ್ಕೆ ಹೋಗುವ ಕರೆಂಟನ್ನೇ ಕಡಿದ್ರಾ? ತನ್ನ ಕಾಲಿಗೆ ತಾನೇ ಕೊಡಲಿ ಹಾಕ್ಕೊಂಡ ಹಾಗಲ್ವಾ? ನಂಬೋಕೆ ಕಷ್ಟ.

ಟೆಟೆಕನ್ನಡಿಗ
ಅಲ್ಲೇ ಇರೋದು ವಿಷಯ. ಆ ಹೊತ್ತಿಗೆ ದಕ್ಷಿಣ ಆಫ್ರಿಕಾ ಕಲ್ಲಿದ್ದಲಿನ ಸ್ಥಾವರಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು. ಕಹೋರಾ ಬಾಸ್ಸಾ ಇಲ್ಲದೆ ಅವರ ದೀಪ ಆರುತ್ತಿರಲಿಲ್ಲ. ಆರಿದ್ದು ಮೊಜಾಂಬಿಕ್‌ನ ಆದಾಯ. ಜೊತೆಗೆ ದಕ್ಷಿಣ ಆಫ್ರಿಕಾದ ಒಂದೇ ಸರ್ಕಾರದೊಳಗೆ ಎರಡು ಮನಸ್ಸು. 1984ರ ಮಾರ್ಚ್ 16ರಂದು ಮೊಜಾಂಬಿಕ್ ಅಧ್ಯಕ್ಷ ಸಮೋರಾ ಮಾಶೆಲ್ ಮತ್ತು ದಕ್ಷಿಣ ಆಫ್ರಿಕಾದ ಪ್ರಧಾನಿ ಪಿ.ಡಬ್ಲ್ಯೂ. ಬೋಥಾ ಎಂಕೋಮಾಟಿಯಲ್ಲಿ ಕೈ ಕುಲುಕಿದರು: ನೀವು ರೆನಾಮೋಗೆ ಸಹಾಯ ನಿಲ್ಲಿಸಿ, ನಾವು ಎಎನ್‌ಸಿಗೆ (ಮಂಡೇಲಾ ಪಕ್ಷ) ನೆಲೆ ಕೊಡಲ್ಲ. ಮೇ ತಿಂಗಳಲ್ಲಿ ಪೋರ್ಚುಗಲ್ ಸೇರಿಸಿಕೊಂಡು ಲೈನು ಮತ್ತೆ ನಡೆಸುವ ಒಪ್ಪಂದವೂ ಆಯ್ತು. ಮರುವರ್ಷ ಆಗಸ್ಟ್‌ನಲ್ಲಿ ಗೊರೊಂಗೋಸಾದಲ್ಲಿ ರೆನಾಮೋದ ದೊಡ್ಡ ನೆಲೆ 'ಕಾಸಾ ಬನಾನಾ' ಕೈಗೆ ಸಿಕ್ಕಾಗ ಅಲ್ಲಿ ಡೈರಿಗಳು ಸಿಕ್ಕವು. ಒಪ್ಪಂದ ಆದ ಮೇಲೂ ದಕ್ಷಿಣ ಆಫ್ರಿಕಾ ಸೇನೆಯವರು ರೆನಾಮೋ ಜೊತೆ ನಂಟು ಬಿಟ್ಟಿರಲಿಲ್ಲ ಅನ್ನೋದು ಆ ಡೈರಿಗಳಲ್ಲಿತ್ತು.

ಇನ್ನೊಂದು. ರಾಜಧಾನಿ ಮಾಪುಟೋಗೆ ಕರೆಂಟು ಬರೋದು ದಕ್ಷಿಣ ಆಫ್ರಿಕಾ ಸುತ್ತಿಕೊಂಡು. ತಮ್ಮದೇ ನದಿಯ ಕರೆಂಟು ಪಕ್ಕದ ದೇಶಕ್ಕೆ ಹೋಗಿ, ಅಲ್ಲಿಂದ ರಾಜಧಾನಿಗೆ ವಾಪಸ್.

ಬೆಂಗ್ಳೂರ್_ಬಸವ
ಇದು ಗೊತ್ತೇ ಇರಲಿಲ್ಲ. ಧನ್ಯವಾದ ಸರ್.

ಗೋಪುರಗಾವಲು
ನಾನು ಟ್ರಾನ್ಸ್‌ಮಿಷನ್ ಲೈನಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕಹೋರಾ ಬಾಸ್ಸಾ ನಮ್ಮ ಕಾಲದ ಎಂಜಿನಿಯರುಗಳಿಗೆ ಪಾಠದಂತಿದ್ದ ಲೈನು. ಅಣೆಕಟ್ಟಿನ ಬಳಿಯ ಸೊಂಗೋದಿಂದ ಜೋಹಾನ್ಸ್‌ಬರ್ಗ್ ಹತ್ತಿರದ ಅಪೊಲೋ ಕೇಂದ್ರಕ್ಕೆ 1,420 ಕಿಲೋಮೀಟರ್, 533 ಕಿಲೋವೋಲ್ಟ್ ಡಿಸಿ, 1,920 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಒಟ್ಟು ಶಕ್ತಿ 1,035 ಮೆಗಾವ್ಯಾಟ್, ಅಂದರೆ ಹೆಚ್ಚುಕಡಿಮೆ ಅದರ ಎರಡರಷ್ಟನ್ನು ಒಂದೇ ದಾರಿಯಲ್ಲಿ ಸಾಗಿಸುವುದು. ಒಂದು ಲೈನು ಅಲ್ಲ, ಎರಡು, ನಡುವೆ ಸುಮಾರು ಒಂದು ಕಿಲೋಮೀಟರ್ ಅಂತರ ಬಿಟ್ಟು. ಒಂದಕ್ಕೆ ಏನಾದರೂ ಆದರೆ ಇನ್ನೊಂದರಲ್ಲಿ, ಭೂಮಿಯನ್ನೇ ವಾಪಸ್ ದಾರಿ ಮಾಡಿಕೊಂಡು, ಅರ್ಧವಾದರೂ ಹೋಗಲಿ ಅಂತ. ಬರೀ ಗಾಳಿ ಮಳೆಯಾಗಿದ್ದರೆ ಆ ಲೆಕ್ಕ ಸಾಕಾಗುತ್ತಿತ್ತು. ಸುಮಾರು 7,000 ಟವರ್, ಬಹುಪಾಲು ಜನವಸತಿಯೇ ಇಲ್ಲದ ಕಾಡಿನಲ್ಲಿ. ಯಾವ ಸೈನ್ಯವೂ ಅಷ್ಟನ್ನು ಕಾಯಲಾರದು.

ಟವರ್ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಒಂದು ನೋಟ ಕೊಡುತ್ತೇನೆ. ಹಿರಿಯೂರು ಕಡೆ ಒಂದು ಮೇ ತಿಂಗಳ ಬಿರುಗಾಳಿಗೆ 220 ಕೆವಿ ಟವರ್ ಮೂರು ಬಿದ್ದವು. ಬೆಳಿಗ್ಗೆ ಆರಕ್ಕೆ ಜಾಗಕ್ಕೆ ಹೋದೆವು. ಕಡಲೆಕಾಯಿ ಹೊಲ. ನಡುವಿನ ಟವರ್ ಸೊಂಟದಿಂದ ಮಡಚಿ ನೆಲಕ್ಕೆ ತಲೆ ಊರಿತ್ತು. ಕಂದು ಬಣ್ಣದ ಪಿಂಗಾಣಿ ಡಿಸ್ಕುಗಳು ಬದುವಿನ ಉದ್ದಕ್ಕೂ ಒಡೆದು ಬಿದ್ದಿದ್ದವು. ರೈತರ ಮನೆಯ ಎಮ್ಮೆ, ಕಳಚಿ ಬಿದ್ದ ತಂತಿಯ ಪಕ್ಕದಲ್ಲೇ ನಿಂತಿತ್ತು. ಎರಡೂ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ (ಕರೆಂಟು ನಿಲ್ಲಿಸಿದ್ದೇವೆ ಅನ್ನುವ ಖಾತರಿ) ತೆಗೆದುಕೊಂಡು, ಎರಡೂ ಕಡೆ ತಂತಿಯನ್ನು ನೆಲಕ್ಕೆ ಅರ್ಥ್ ಮಾಡಿ, ಆಮೇಲೂ ಉಳಿದ ಕರೆಂಟು ಇಳಿಸುವ ಡಿಸ್ಚಾರ್ಜ್ ರಾಡ್ ಮುಟ್ಟಿಸದೆ ಯಾರೂ ತಂತಿ ಮುಟ್ಟಲಿಲ್ಲ. ನೂರು ಜನ, ಎರಡು ಕ್ರೇನ್, ಪಕ್ಕದಲ್ಲೇ ರಸ್ತೆ, ಊಟ ತಂದುಕೊಡುವ ಊರವರು. ಇಷ್ಟೆಲ್ಲ ಇದ್ದೂ ಆರು ದಿನ ಹಿಡಿಯಿತು. ಇದನ್ನೇ ನೆಲಬಾಂಬು ಹೂತಿಟ್ಟ ನೆಲದಲ್ಲಿ, ಬಂದೂಕಿನ ಕಾವಲಿನಲ್ಲಿ ಮಾಡಬೇಕಾದವರನ್ನು ನೆನೆಸಿಕೊಳ್ಳಿ. ಇತ್ತ ಒಂದು ನಿಲ್ಲಿಸಿದರೆ ಅತ್ತ ಇನ್ನೊಂದು. ಅಣೆಕಟ್ಟಿನಲ್ಲಿ ತಲಾ 415 ಮೆಗಾವ್ಯಾಟಿನ ಐದು ಯಂತ್ರಗಳು ಹತ್ತು ವರ್ಷಕ್ಕೂ ಮೇಲೆ ಹೆಚ್ಚುಕಡಿಮೆ ಸುಮ್ಮನೆ ನಿಂತವು.

ನನಗೆ ಟವರ್ ಬೀಳಿಸಿದವರು ಯಾರಾದರೂ ಸರಿ, ವೀರರು ಅಂತ ಬಾಯಿ ಬರುವುದಿಲ್ಲ. ಕ್ಷಮಿಸಿ.

ಅಲೆಮಾರಿ_99
ಸರ್ ಅಷ್ಟು ದೊಡ್ಡ ಟವರ್ ಬೀಳಿಸೋದು ಹೇಗೆ? ಎಷ್ಟು ಜನ ಬೇಕಾಗುತ್ತೆ?

ಗೋಪುರಗಾವಲು
ಅದನ್ನು ನಾನು ಬರೆಯುವುದಿಲ್ಲ. ನಿಲ್ಲಿಸುವುದು ಹೇಗೆ ಅಂತ ಕೇಳಿ, ರಾತ್ರಿಯಿಡೀ ಕೂತು ಹೇಳುತ್ತೇನೆ.

ಶರಾವತಿ_ಮಗಳು
ಗೋಪುರಗಾವಲು ಸರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಜಗಳ ಮಾಡ್ತೀನಿ. ನಮ್ಮದು ಸಾಗರ ತಾಲ್ಲೂಕು. ನಮ್ಮ ಅಜ್ಜಿ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ತೋಟ, ಗದ್ದೆ, ದೇವರ ಬನ ಎಲ್ಲ. ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು ಅಂತ ಅಜ್ಜಿ ಹೇಳುತ್ತಿದ್ದಳು. ತಲೆ ಮೇಲೆ ಲೈನು ಗುಂಯ್ ಅಂತ ಬೆಂಗಳೂರಿಗೆ ಹೋಗುತ್ತಿತ್ತು, ಕೆಳಗೆ ಅಜ್ಜಿ ಚಿಮಣಿ ಬುಡ್ಡಿ ಹಚ್ಚಿಕೊಂಡು ಅಡಿಕೆ ಸುಲಿಯುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಬರುವವರೆಗೂ ನಮ್ಮ ಮನೆಗೆ ಕರೆಂಟು ಇರಲಿಲ್ಲ.

ನಮ್ಮವರು ಯಾರೂ ಟವರ್ ಮುಟ್ಟಲಿಲ್ಲ. ಮುಟ್ಟಬೇಕಿತ್ತು ಅಂತ ನಾನು ಹೇಳ್ತಾ ಇಲ್ಲ. ಆದರೆ ಜಾಂಬೆಜಿ ದಂಡೆಯಿಂದ ಎಬ್ಬಿಸಿಕೊಂಡ ಹೆಂಗಸಿಗೆ ಆ ಟವರ್ ಬಿದ್ದಾಗ ಏನನಿಸಿರಬಹುದು ಅಂತ ಒಮ್ಮೆ ಯೋಚನೆ ಮಾಡಿ. ಅವಳ ಮನೆಯಲ್ಲಿ ಆರೋಕೆ ದೀಪವೇ ಇರಲಿಲ್ಲ. 'ಮೂಲಸೌಕರ್ಯ' ಅಂತ ನಾವು ಹೇಳುವಾಗ ಯಾರ ಸೌಕರ್ಯ ಅಂತಲೂ ಕೇಳಬೇಕಲ್ಲ?

ಗೋಪುರಗಾವಲು
ಮಗಳೇ, ನೀವು ಹೇಳಿದ ಮಾತಿಗೆ ನನ್ನಲ್ಲಿ ಎದುರುಮಾತಿಲ್ಲ. ಲೈನು ಎಳೆಯಲು ಹೋದ ಕಡೆಯೆಲ್ಲ ಜನ ಕೇಳುತ್ತಿದ್ದುದು ಇದನ್ನೇ: "ನಮ್ಮ ಹೊಲದಾಗೆ ಕಂಬ ನೆಡ್ತೀರಿ, ನಮ್ಮ ಮನೆಗೆ ಯಾವಾಗ ಸ್ವಾಮಿ?" ಡಿಸಿ ಲೈನಿನಲ್ಲಿ ಇದು ಇನ್ನೂ ಕಠಿಣ. ಅದರಿಂದ ನಡುದಾರಿಯಲ್ಲಿ ಒಂದು ಹಳ್ಳಿಗೆ ಕವಲು ತೆಗೆಯಲು ಆಗುವುದಿಲ್ಲ. ಡಿಸಿಯನ್ನು ಮನೆಗೆ ಬರುವ ಎಸಿ ಕರೆಂಟು ಮಾಡುವ ಕೇಂದ್ರವೇ ಬೇಕು, ಅದಕ್ಕೆ ನೂರಾರು ಕೋಟಿ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 2003ರಲ್ಲಿ ಬಂದ 500 ಕೆವಿ ಡಿಸಿ ಲೈನೂ ಹಾಗೆಯೇ. ಸುಮಾರು 1,370 ಕಿಲೋಮೀಟರ್ ದಾರಿಯಲ್ಲಿ ಯಾವ ಊರಿಗೂ ಅದರಿಂದ ನೇರವಾಗಿ ಒಂದು ಬಲ್ಬೂ ಇಲ್ಲ. ಕಹೋರಾ ಬಾಸ್ಸಾ ಲೈನನ್ನು ಎಳೆದಾಗಲೇ ಕೆಳಗಿನ ಹಳ್ಳಿಗಳನ್ನು ಲೆಕ್ಕದಿಂದ ಬಿಟ್ಟಿದ್ದರು.

ಆದರೂ ಒಂದು ಕೇಳುತ್ತೇನೆ. ಬೀಳಿಸಿದವರು ಆ ಹೆಂಗಸಿನ ಪರವಾಗಿ ಬೀಳಿಸಿದರೇ?

ಕೋಲಾರ_ಚಿನ್ನ
ನಮ್ಮೂರಿನ ಹೆಸರು ಬಂತು, ಸುಮ್ನಿರೋಕೆ ಆಗಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ 147 ಕಿಲೋಮೀಟರ್ ಲೈನು ಎಳೆದಾಗಲೂ ಕರೆಂಟು ಬಂದಿದ್ದು ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬರೋಕೆ 1905ರ ಆಗಸ್ಟ್‌ವರೆಗೆ ಕಾಯಬೇಕಾಯ್ತು. ಮೊದಲಿಂದಲೂ ಕರೆಂಟು ದುಡ್ಡು ಇರೋ ಕಡೆಗೇ ಹರಿದಿದೆ.

ಸುಮ್ನೆಓದುಗ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು. ರೆನಾಮೋಗೆ ವಾಪಸ್ ಬನ್ನಿ ಸ್ವಾಮಿ.

ಕಾನೂನುಕೋಣೆ
ಕಾನೂನಿನ ಕಡೆಯಿಂದ ಸ್ವಲ್ಪ. 1977ರ ಜಿನೀವಾ ಹೆಚ್ಚುವರಿ ಪ್ರೋಟೋಕಾಲ್‌ಗಳಲ್ಲಿ ಎರಡನೆಯದು ಒಂದೇ ದೇಶದೊಳಗಿನ ಯುದ್ಧಗಳಿಗೆ ಅನ್ವಯಿಸುವಂಥದ್ದು. ಅದರ 14ನೇ ವಿಧಿ ಜನ ಬದುಕಲು ಬೇಕೇಬೇಕಾದ್ದನ್ನು (ಬೆಳೆ, ದನಕರು, ಕುಡಿಯುವ ನೀರಿನ ವ್ಯವಸ್ಥೆ) ನಾಶ ಮಾಡಬಾರದು ಅನ್ನುತ್ತದೆ. 15ನೇ ವಿಧಿ ಅಣೆಕಟ್ಟು, ಅಣುಸ್ಥಾವರಗಳಿಗೆ ವಿಶೇಷ ರಕ್ಷಣೆ ಕೊಡುತ್ತದೆ, ಒಡೆದರೆ ಊರುಗಳೇ ಕೊಚ್ಚಿಹೋಗುತ್ತವೆ ಅಂತ. ಕರೆಂಟಿನ ಟವರಿನ ಹೆಸರು ಎತ್ತಿ ಎಲ್ಲೂ ಹೇಳಿಲ್ಲ. ಅಂದರೆ ಪ್ರತಿ ಸಲವೂ ಕೇಳಬೇಕು: ಈ ಲೈನು ಯಾವುದಕ್ಕೆ ಬಳಕೆಯಾಗುತ್ತಿದೆ, ಸೇನೆಗೋ ಜನರಿಗೋ, ಬೀಳಿಸಿದರೆ ಯಾರಿಗೆ ಎಷ್ಟು ಪೆಟ್ಟು. ತೊಂದರೆ ಏನೆಂದರೆ ಒಂದೇ ತಂತಿಯಲ್ಲಿ ಬ್ಯಾರಕ್ಕಿನ ದೀಪವೂ ಹೆರಿಗೆ ಆಸ್ಪತ್ರೆಯ ದೀಪವೂ ಹೋಗುತ್ತವೆ. ತಂತಿ ಕಡಿಯುವವರಿಗೆ ಅದನ್ನು ಬೇರ್ಪಡಿಸುವ ಶಕ್ತಿ ಇಲ್ಲ. ಅದಕ್ಕೇ 'ಜೀವ ಹೋಗದ ದಾರಿ' ಅನ್ನುವ ಮಂಡೇಲಾ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕತ್ತಲಲ್ಲಿ ಸತ್ತವರ ಹೆಸರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಧಾರವಾಡ_ಮಳಿ
ಒಪ್ಪಲಿಲ್ರೀ. 1961ರಾಗ ಕರಿಯರ ಬಸ್ತಿಗೆ ಕರೆಂಟ ಎಲ್ಲಿತ್ತು? ಬಹಳಷ್ಟು ಕಡೆ ಇದ್ದಿದ್ದಿಲ್ಲ. ಕತ್ತಲಾಗಿದ್ದು ಬಿಳಿಯರ ಫ್ಯಾಕ್ಟರಿ, ಬಿಳಿಯರ ಬಂಗ್ಲೆ. ಅವರು ಮಧ್ಯರಾತ್ರಿ, ಮಂದಿ ಇಲ್ಲದ ಜಾಗಾ ನೋಡಿ ಮಾಡ್ಯಾರ. ಮೊದಲನೇ ದಿನದ ದಾಳಿಯೊಳಗ ಸತ್ತಾವ ಅವರ ಕಡೆಯವನ, ಪೀಟ್ರಸ್ ಮೊಲೆಫೆ, ತಾನು ಇಡಾಕ ಹೋದ ಬಾಂಬಿಗೇ.

ಕಾನೂನುಕೋಣೆ
ಅದೇ ಸಂಘಟನೆ 1983ರ ಮೇ 20ರಂದು ಪ್ರಿಟೋರಿಯಾದ ಚರ್ಚ್ ಸ್ಟ್ರೀಟ್‌ನಲ್ಲಿ ವಾಯುಸೇನೆಯ ಕಚೇರಿ ಮುಂದೆ ಕಾರ್ ಬಾಂಬ್ ಇಟ್ಟಿತು. ಸಂಜೆ ಜನ ಮನೆಗೆ ಹೋಗುವ ಹೊತ್ತು. 19 ಜನ ಸತ್ತರು, ಅದರಲ್ಲಿ ಬಾಂಬ್ ತಂದ ಇಬ್ಬರೂ ಸೇರಿ. ಟವರಿನಲ್ಲಿ ಶುರುವಾದದ್ದು ಟವರಿಗೇ ನಿಲ್ಲಲಿಲ್ಲ. ಮೇಡಂ ಇದನ್ನೂ ಮಕ್ಕಳಿಗೆ ಹೇಳಲಿ.

ಧಾರವಾಡ_ಮಳಿ
ಹೇಳಲಿ. ಇಪ್ಪತ್ತೆರಡು ವರ್ಷ ಟವರಿಗೆ ಕಿವಿಗೊಡದ ಸರ್ಕಾರದ ಬಗ್ಗೆನೂ ಹೇಳಲಿ.

ಮಂಗ್ಳೂರು_ಮಾಣಿ
ಗಾಂಧೀಜಿಯೇ 1942ರ ತಂತಿ ಕಡಿಯುವ ಕೆಲಸವನ್ನು ಒಪ್ಪಿಕೊಂಡಿರಲಿಲ್ಲ ಮಾರಾಯ್ರೆ. 1944ರಲ್ಲಿ ಜೈಲಿಂದ ಹೊರಗೆ ಬಂದ ಮೇಲೆ ಭೂಗತ ಕೆಲಸ ಬಿಡಿ, ಆಸ್ತಿ ನಾಶವೂ ಹಿಂಸೆಯೇ ಅಂತ ಹೇಳಿದ್ರು. ನಮ್ಮಲ್ಲೂ ಈ ಪ್ರಶ್ನೆ ಆಗಲೇ ಇತ್ತು, ಬಗೆಹರಿದಿರಲಿಲ್ಲ.

ಧಾರವಾಡ_ಮಳಿ
ಗೊತ್ತೈತ್ರಿ. ಆದ್ರ ತಂತಿ ಕಡದವರನ್ನ ಊರ ಮಂದಿ ಅಟ್ಟದ ಮ್ಯಾಲೆ ಮುಚ್ಚಿಟ್ಟು ರೊಟ್ಟಿ ಕೊಟ್ಟಾರ. ಅದಕ್ಕೊಂದು ಅರ್ಥ ಇಲ್ಲೇನು?

ಲಿಮಾದಲ್ಲಿದ್ದೆ
ಕೆಲಸದ ಮೇಲೆ ಎರಡು ವರ್ಷ ಪೆರುವಿನಲ್ಲಿದ್ದೆ. ಅಲ್ಲಿನ ಹಿರಿಯರು ಎಂಬತ್ತರ ದಶಕದ 'ಅಪಗೋನ್' (ಊರಿಗೂರೇ ಕರೆಂಟು ಹೋಗೋದು) ಅಂದರೆ ಇವತ್ತಿಗೂ ಮುಖ ಸಪ್ಪೆ ಮಾಡ್ತಾರೆ. ಶೈನಿಂಗ್ ಪಾತ್ ಗೆರಿಲ್ಲಾಗಳು ಮಾಂಟಾರೋ ಜಲವಿದ್ಯುತ್ ಕೇಂದ್ರದಿಂದ ರಾಜಧಾನಿಗೆ ಬರುವ ಲೈನಿನ ಟವರ್ ಬೀಳಿಸುತ್ತಿದ್ದರು. ಇಡೀ ಲಿಮಾ ಕತ್ತಲು. ಆ ಕತ್ತಲಲ್ಲಿ ಬೆಟ್ಟದ ಮೇಲೆ ಬೆಂಕಿಯಲ್ಲಿ ಕುಡುಗೋಲು ಸುತ್ತಿಗೆಯ ಗುರುತು ಉರಿಯುತ್ತಿತ್ತು. ಕತ್ತಲೆ ಅವರಿಗೆ ಭಿತ್ತಿಪತ್ರ ಇದ್ದ ಹಾಗೆ. ಅನುಕೂಲಸ್ಥರು ಜನರೇಟರ್ ಕೊಂಡರು, ಉಳಿದವರು ಮೇಣದಬತ್ತಿ. ಬಡವರ ಹೆಸರಿನಲ್ಲಿ ಮಾಡಿದ ಯುದ್ಧದ ಕತ್ತಲು ಬಡವರ ಮನೆಯಲ್ಲೇ ಜಾಸ್ತಿ ಹೊತ್ತು ಕೂತಿತ್ತು.

ಇನ್ನೊಂದು ಕಡೆಯದನ್ನೂ ಹೇಳಬೇಕು. ಟವರ್ ಕಾಯೋಕೆ ಅಂತ ಸರ್ಕಾರದ ಕಡೆಯವರು ಟವರ್ ಬುಡದ ಸುತ್ತ ನೆಲಬಾಂಬು ಹೂತಿಟ್ಟರು. ನಾಯಕ ಗುಸ್ಮಾನ್ 1992ರ ಸೆಪ್ಟೆಂಬರ್ 12ಕ್ಕೆ ಸಿಕ್ಕಿಬಿದ್ದ, ಯುದ್ಧ ಇಳಿಯಿತು, ಬಾಂಬು ಮಾತ್ರ ಅಲ್ಲೇ ಉಳಿಯಿತು. ಕುರಿ ಮೇಯಿಸೋಕೆ ಹೋದ ಮಕ್ಕಳು ಕಾಲು ಕಳೆದುಕೊಂಡರು.

ಟೆಟೆಕನ್ನಡಿಗ
ಮೊಜಾಂಬಿಕ್‌ನಲ್ಲೂ ಇದೇ. ಅಣೆಕಟ್ಟಿನ ಸುತ್ತ ಪೋರ್ಚುಗೀಸರು ಹೂತದ್ದು, ಆಮೇಲೆ ಟವರ್‌ಗಳ ಸುತ್ತ ಹೂತದ್ದು. ನೆಲಬಾಂಬು ಮುಕ್ತ ದೇಶ ಅಂತ ಘೋಷಣೆ ಆಗಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಯುದ್ಧ ನಿಂತದ್ದು 1992ರ ಅಕ್ಟೋಬರ್ 4ರ ರೋಮ್ ಒಪ್ಪಂದದಿಂದ. ನಡುವೆ ಇಪ್ಪತ್ಮೂರು ವರ್ಷ. ಬಾಂಬು ಹುಡುಕೋಕೆ ತರಬೇತಿ ಕೊಟ್ಟ ದೊಡ್ಡ ಇಲಿಗಳನ್ನೂ ಬಳಸಿದರು, ವಾಸನೆ ಹಿಡಿದು ನೆಲ ಕೆರೆಯುತ್ತವೆ.

ಸುಮ್ನೆಓದುಗ
ಇಲಿಗಳಾ!! 

ಟೆಟೆಕನ್ನಡಿಗ
ಹೌದು, ಬೆಕ್ಕಿನಷ್ಟು ದೊಡ್ಡವು. ಹಗುರ ಇರೋದ್ರಿಂದ ಬಾಂಬಿನ ಮೇಲೆ ನಡೆದರೂ ಸಿಡಿಯಲ್ಲ.

ಬಸ್ತರ್_ಕಡೆಯವನು
ನಮ್ಮ ದೇಶದ್ದೂ ಸೇರಿಸಿ. 2007ರಲ್ಲಿ ಮಾವೋವಾದಿಗಳು ನಾರಾಯಣಪುರದ ಕಡೆ ಟವರ್ ಬೀಳಿಸಿ ಬಸ್ತರ್ ಪ್ರದೇಶ ವಾರಕ್ಕೂ ಹೆಚ್ಚು ಕತ್ತಲಾಗಿತ್ತು. ಆಗ ನಾನು ಜಗದಲ್‌ಪುರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೆ. ಜೂನ್ ಸೆಕೆ, ನಲ್ಲಿಯಲ್ಲಿ ನೀರಿಲ್ಲ, ಏಕೆಂದರೆ ಪಂಪಿಗೆ ಕರೆಂಟಿಲ್ಲ. ಕತ್ತಲಿಗಿಂತ ನೀರೇ ದೊಡ್ಡ ಸಂಕಟ. ಪಕ್ಕದ ಮನೆಯವರು ಸಕ್ಕರೆ ಕಾಯಿಲೆಯ ಇನ್ಸುಲಿನ್ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಮಡಕೆಯಲ್ಲಿ ಇಟ್ಟುಕೊಂಡು ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ.

ಶರಾವತಿ_ಮಗಳು
ಇನ್ಸುಲಿನ್ ಮಾತು ಕೇಳಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ನನ್ನ ಅಪ್ಪನೂ ತಗೋತಾರೆ.

@ಗೋಪುರಗಾವಲು ಸರ್, ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಆ ಹೆಂಗಸಿನ ಪರವಾಗಿ ಬೀಳಿಸಿದ್ದಲ್ಲ. ನನಗೂ ಗೊತ್ತು. ಲೈನು ಎಳೆದವರೂ ಅವಳನ್ನು ಕೇಳಲಿಲ್ಲ, ಬೀಳಿಸಿದವರೂ ಕೇಳಲಿಲ್ಲ.

ಗೋಪುರಗಾವಲು
ಇದನ್ನು ಒಪ್ಪುತ್ತೇನೆ.

ಟೆಟೆಕನ್ನಡಿಗ
ಮೇಡಂ ಪ್ರಶ್ನೆಗೆ ನನಗೆ ತೋಚಿದ ಉತ್ತರ ಹೇಳ್ತೀನಿ. ಟವರನ್ನಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ. ಸುತ್ತ ಏನೇನು ನಡೀತು ನೋಡಿ. ರೆನಾಮೋ ಬೀಳಿಸಿದ್ದು ಟವರ್ ಒಂದನ್ನೇ ಅಲ್ಲ, ಶಾಲೆ, ಆರೋಗ್ಯ ಕೇಂದ್ರ, ಅಂಗಡಿ ಎಲ್ಲ. 1988ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಗಾಗಿ ರಾಬರ್ಟ್ ಗರ್ಸೋನಿ ನಿರಾಶ್ರಿತರ ಶಿಬಿರಗಳಲ್ಲಿ ಜನರನ್ನು ಮಾತಾಡಿಸಿ ಬರೆದ ವರದಿಯಲ್ಲಿ ರೆನಾಮೋ ಕೈಯಲ್ಲಿ ಸತ್ತ ನಾಗರಿಕರು ಒಂದು ಲಕ್ಷದಷ್ಟು ಇರಬಹುದು ಅಂತ ಅಂದಾಜು ಮಾಡಿದ್ದರು. ಮಕ್ಕಳನ್ನು ಎತ್ತಿಕೊಂಡು ಹೋಗಿ ಕೈಗೆ ಬಂದೂಕು ಕೊಟ್ಟರು. ಫ್ರೆಲಿಮೋ ಏನೂ ತಪ್ಪೇ ಮಾಡಿಲ್ಲ ಅಂತಲ್ಲ. ಹಳ್ಳಿಗರನ್ನು ಬಲವಂತವಾಗಿ ಸಾಮೂಹಿಕ ಹಳ್ಳಿಗಳಿಗೆ ತಳ್ಳಿದ್ದು, ಊರ ಮುಖ್ಯಸ್ಥರನ್ನು ಕಿತ್ತುಹಾಕಿದ್ದು ಇವೆಲ್ಲ ಇತ್ತು, ಅದಕ್ಕೇ ಕೆಲವು ಕಡೆ ರೆನಾಮೋಗೆ ನಿಜವಾದ ಬೆಂಬಲವೂ ಇತ್ತು. 1994ರ ಚುನಾವಣೆಯಲ್ಲಿ ಅವರು ದೊಡ್ಡ ವಿರೋಧ ಪಕ್ಷವಾಗಿ ಬಂದರು. ಬರೀ ಡಕಾಯಿತರು ಅಂದುಬಿಟ್ಟರೆ ಆ ಮತಗಳಿಗೆ ಏನು ಹೇಳೋದು?

ಬೆಂಗ್ಳೂರ್_ಬಸವ
ಈಗ ಅಣೆಕಟ್ಟು ಯಾರದು ಸರ್?

ಟೆಟೆಕನ್ನಡಿಗ
2007ರ ನವೆಂಬರಿನಲ್ಲಿ ಮೊಜಾಂಬಿಕ್ ಕೈಗೆ 85% ಪಾಲು ಬಂತು. ಪೋರ್ಚುಗಲ್‌ಗೆ 95 ಕೋಟಿ ಡಾಲರ್ ಕೊಟ್ಟು ಬಿಡಿಸಿಕೊಳ್ಳಬೇಕಾಯ್ತು. 'ಕಹೋರಾ ಬಾಸ್ಸಾ ನಮ್ಮದು' ಅಂತ ಅಧ್ಯಕ್ಷ ಗೆಬುಜಾ ಸೊಂಗೋದಲ್ಲಿ ನಿಂತು ಹೇಳಿದ್ದನ್ನು ಅಲ್ಲಿನ ಜನ ಈಗಲೂ ನೆನಪು ಮಾಡ್ಕೋತಾರೆ.

ಇತಿಹಾಸದ_ಮೇಡಂ
ಎಲ್ಲವನ್ನೂ ಎರಡು ಸಲ ಓದಿದೆ. ಟೆಟೆ ಸರ್, ನೀವು ಅಲ್ಲಿ ಆ ಲೈನಿನ ಕೆಳಗಿನ ಜನರನ್ನು ಯಾರನ್ನಾದರೂ ಮಾತಾಡಿಸಿದ್ದೀರಾ? ಅವರು ಏನಂತಿದ್ದರು?

ಟೆಟೆಕನ್ನಡಿಗ
ನಮ್ಮ ಕ್ಯಾಂಪಿನ ಗೇಟಿನಲ್ಲಿ ಒಬ್ಬರು ಕಾವಲುಗಾರರಿದ್ದರು, ಐವತ್ತೈದರ ಆಸುಪಾಸು. ಒಂದು ಭಾನುವಾರ ಸೊಂಗೋ ಕಡೆ ಹೋಗುವಾಗ ಅವರ ಊರು ದಾರೀಲೇ ಅಂತ ಜೊತೆಗೆ ಕೂರಿಸಿಕೊಂಡೆ. ಧಾರವಾಡದವರಿಗೆ ಹೇಳ್ತೀನಿ, ನಿಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಅಂತ ಕರೀತೀರಲ್ಲ, ಅದೇ ಬವೊಬಾಬ್ ಮರ ಆ ದಾರಿ ತುಂಬ. ಮರಗಳ ನಡುವೆ ಲೈನು ಬಂದಾಗ ಅವರು ಗಾಡಿ ನಿಲ್ಲಿಸಿ ಅಂದರು. ಹದಿನೆಂಟನೇ ವಯಸ್ಸಿಗೆ ಸರ್ಕಾರ ಅವರನ್ನು ಟವರ್ ಕಾಯೋಕೆ ನಿಲ್ಲಿಸಿತ್ತಂತೆ. ಬುಡದ ಹತ್ತಿರ ಮೊಣಕಾಲುದ್ದ ಗುಂಡಿ ತೋಡಿಕೊಂಡು ಅದರಲ್ಲೇ ಮಲಗೋದು. ಬೀಡಿ ಸೇದೋ ಹಾಗಿಲ್ಲ, ಕಿಡಿ ಕಾಣುತ್ತೆ. ಯಾವ ಟವರ್ ಅಂತ ಕೈ ಮಾಡಿ ತೋರಿಸಿದರು. ಕೆಳಗಿನ ಕಬ್ಬಿಣ ಹೊಸದು, ಬಣ್ಣ ಬೇರೆ.

ಅವರ ಅಣ್ಣನನ್ನು ರೆನಾಮೋದವರು ಮೂಟೆ ಹೊರಿಸಿಕೊಂಡು ಕರೆದುಕೊಂಡು ಹೋದರಂತೆ, ಅದೇ ವರ್ಷ. ವಾಪಸ್ ಬರಲಿಲ್ಲ. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಮೊಬೈಲ್ ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಳ್ತಾ ಇದ್ದರು. ಆ ಚಾರ್ಜರ್ ಯಾವಾಗಲೂ ಜೇಬಲ್ಲೇ ಇರೋದು. ಮನೆಯಲ್ಲಿ ಕರೆಂಟು ಇರಲಿಲ್ಲ, ಶಿಫ್ಟಿಗೆ ಬಂದ ಕೂಡಲೇ ನಮ್ಮ ಗೇಟಿನ ಪ್ಲಗ್ಗಿಗೆ ಹಾಕೋರು.

ಶರಾವತಿ_ಮಗಳು
ಅಜ್ಜಿ ನೆನಪಾದಳು.

ಗೋಪುರಗಾವಲು
ಕೆಳಗಿನ ಕಬ್ಬಿಣದ ಬಣ್ಣ ಬೇರೆ ಅಂದರಲ್ಲ, ಕಾಲುಗಳನ್ನು ಮಾತ್ರ ಬದಲಿಸಿ ಮೇಲ್ಭಾಗ ಉಳಿಸಿಕೊಂಡಿರಬೇಕು. ಯಾರೋ ಬಹಳ ತಾಳ್ಮೆಯಿಂದ ಮಾಡಿದ ಕೆಲಸ ಅದು.

ಇತಿಹಾಸದ_ಮೇಡಂ
ಟೆಟೆ ಸರ್, ನಾಳೆ ಮೊದಲ ಪೀರಿಯಡ್ಡೇ ಆ ಹುಡುಗಿಯ ಕ್ಲಾಸು. ನೀವು ಬರೆದ ಈ ಎರಡು ಪ್ಯಾರಾ ಓದಿ ಹೇಳಲಾ?

ಟೆಟೆಕನ್ನಡಿಗ
ಓದಿ ಮೇಡಂ. ಚಾರ್ಜರ್ ವಿಷಯ ಬಿಡಬೇಡಿ.